ಸೈಟಿನ ವಾರದಲ್ಲಿ ಓದಿನ ದಿನ ಯಾವುದು?

ಸ್ಲ್ಯಾಬ್ ಹಾಕುವ ದಿನ ಸೈಟಿನಲ್ಲಿ ಯಾರೂ ಗಡಿಯಾರ ನೋಡುವುದಿಲ್ಲ. ಬೆಳಿಗ್ಗೆ ಹತ್ತಕ್ಕೆ ಬರಬೇಕಿದ್ದ ಮಿಕ್ಸರ್ ಲಾರಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಮಧ್ಯಾಹ್ನ ಎರಡಕ್ಕೆ ಬಂತೆಂದರೆ ಕೆಲಸ ಮುಗಿಯುವುದು ರಾತ್ರಿಗೇ. ಅರ್ಧ ಹಾಕಿದ ಕಾಂಕ್ರೀಟನ್ನು ನಾಳೆ ನೋಡಿಕೊಳ್ಳೋಣ ಎಂದು ಬಿಟ್ಟು ಬರುವಂತಿಲ್ಲ. ಕಲಿಯಲು ಬಂದ ಅಪ್ರೆಂಟಿಸ್ 30 ಸೆಂ.ಮೀ. ಎತ್ತರದ ಸ್ಲಂಪ್ ಕೋನ್ ತುಂಬಿ, ಮೇಲೆತ್ತಿ, ಕಾಂಕ್ರೀಟು ಎಷ್ಟು ಕುಸಿಯಿತೆಂದು ಸ್ಕೇಲು ಹಿಡಿದು ಬರೆದುಕೊಳ್ಳಬೇಕು. 15 ಸೆಂ.ಮೀ.ಯ ಕ್ಯೂಬ್ ಅಚ್ಚುಗಳನ್ನು ತುಂಬಬೇಕು, ಮಾರನೇ ದಿನ ಬಿಚ್ಚಿ ನೀರಿನ ತೊಟ್ಟಿಗೆ ಇಳಿಸಬೇಕು. ಏಳನೇ ದಿನ ಕೆಲವನ್ನು, 28ನೇ ದಿನ ಉಳಿದವನ್ನು ಯಂತ್ರಕ್ಕಿಟ್ಟು ಒಡೆಯುತ್ತಾರೆ. ಇದೆಲ್ಲ ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಹಾಗೆಂದು, ಕ್ಯೂಬು ಒಡೆದಾಗ ಬಂದ ಅಂಕಿ ಯಾಕೆ ಕಡಿಮೆಯಾಯಿತು, ಸಿಮೆಂಟಿಗೆ ನೀರು ಹೆಚ್ಚಾದರೆ ಒಳಗೆ ಏನಾಗುತ್ತದೆ ಎಂಬುದು ಬರೀ ಸೈಟಿನಲ್ಲಿ ನಿಂತರೂ ಬರುವುದಿಲ್ಲ. ಅದಕ್ಕೆ ಸಂಜೆ ಆರರ ಕ್ಲಾಸಿಗೆ ಹೋಗಬೇಕು. ಆ ಆರು ಗಂಟೆಗೆ ಆ ಹುಡುಗನೋ ಹುಡುಗಿಯೋ ಇನ್ನೂ ಕೊನೆಯ ಲಾರಿಗೆ ಕಾಯುತ್ತಿರುತ್ತಾರೆ.

ಹೀಗೆ ದುಡಿಯುತ್ತಲೇ ಪದವಿ ಓದುವವರ ಕಷ್ಟವನ್ನು ‘ಟೈಮ್ ಮ್ಯಾನೇಜ್‌ಮೆಂಟ್’ ಎಂಬ ಒಂದು ಮಾತಿನಲ್ಲಿ ಮುಗಿಸಿಬಿಡುವುದು ನಮಗೆ ಅಭ್ಯಾಸವಾಗಿದೆ. ಬೇಗ ಏಳು, ಮೊಬೈಲ್ ಬದಿಗಿಡು, ಭಾನುವಾರ ಓದು. ಟೈಮು ಅವರ ಕೈಯಲ್ಲಿದ್ದರೆ ತಾನೇ ನಿಭಾಯಿಸುವುದು? ಸೈಟಿನಲ್ಲಿ ಟೈಮು ಮಿಕ್ಸರ್ ಲಾರಿಯದ್ದು, ಮಳೆಯದ್ದು, ಗುತ್ತಿಗೆದಾರರದ್ದು. ಅದು ಅಪ್ರೆಂಟಿಸ್‌ನದ್ದು ಆಗುವುದೇ ಇಲ್ಲ. ಆದ್ದರಿಂದ ಓದಿನ ಸಮಯವೂ ಕೆಲಸದ ಸಮಯವೇ, ಅದಕ್ಕೂ ಸಂಬಳ ಉಂಟು ಎಂದು ಕರಾರಿನಲ್ಲೇ ಬರೆಯಬೇಕು. ಹಾಗೆ ಬರೆಯದಿದ್ದರೆ ಪದವಿ ಅಪ್ರೆಂಟಿಸ್‌ಶಿಪ್ ಎಂಬುದು ಅಗ್ಗದ ದುಡಿಮೆಗೆ ಹಾಕಿದ ಹೊಸ ಹೆಸರಾಗುತ್ತದೆ, ಅಷ್ಟೆ.

ಈ ಪದ್ಧತಿಯನ್ನು ದೊಡ್ಡದಾಗಿ ನಡೆಸಿ ನೋಡಿದ್ದು ಇಂಗ್ಲೆಂಡ್. ಅಲ್ಲಿ 2015ರಲ್ಲಿ ಡಿಗ್ರಿ ಅಪ್ರೆಂಟಿಸ್‌ಶಿಪ್ ಶುರುವಾಯಿತು. ಹದಿನೆಂಟು ವರ್ಷದ ಹುಡುಗಿಯೊಬ್ಬಳು ಸಿವಿಲ್ ಎಂಜಿನಿಯರಿಂಗ್ ಕಂಪನಿಗೆ ನೌಕರಳಾಗಿ ಸೇರುತ್ತಾಳೆ. ಸಾಮಾನ್ಯವಾಗಿ ವಾರಕ್ಕೊಂದು ದಿನ ವಿಶ್ವವಿದ್ಯಾಲಯ, ಉಳಿದ ದಿನ ಕಚೇರಿ ಅಥವಾ ಸೈಟು. ಪದವಿ ಕೈಗೆ ಬರಲು ಐದು ವರ್ಷದ ಆಸುಪಾಸು ಬೇಕು, ಆದರೆ ಫೀಸು ಅವಳ ತಲೆಯ ಮೇಲಿಲ್ಲ. ವರ್ಷಕ್ಕೆ 9,000 ಪೌಂಡಿಗೂ ಮೀರಿದ ಫೀಸಿಗೆ ಸಾಲ ಮಾಡಿ ಓದುವ ಓರಗೆಯವರ ಮುಂದೆ ಇದು ಸಣ್ಣ ಸಂಗತಿಯಲ್ಲ. ವರ್ಷಕ್ಕೆ 30 ಲಕ್ಷ ಪೌಂಡಿಗಿಂತ ಹೆಚ್ಚು ಸಂಬಳ ಹಂಚುವ ಕಂಪನಿಗಳಿಂದ ಆ ವೆಚ್ಚದ ಶೇ 0.5ನ್ನು 2017ರ ಏಪ್ರಿಲ್‌ನಿಂದ ಸರ್ಕಾರ ವಸೂಲು ಮಾಡುತ್ತಿದೆ. ತರಬೇತಿಯ ಖರ್ಚು ಹುಟ್ಟುವುದು ಅಲ್ಲಿಂದ. ನನ್ನ ವಾದಕ್ಕೆ ಬೇಕಾದ್ದು ಇದಕ್ಕಿಂತ ಸಣ್ಣದಾಗಿ ಕಾಣುವ ಇನ್ನೊಂದು ನಿಯಮ. ಅಪ್ರೆಂಟಿಸ್‌ನ ಕೆಲಸದ ವೇಳೆಯಲ್ಲಿ ಐದನೇ ಒಂದು ಪಾಲು ಕಲಿಕೆಗೇ ಮೀಸಲಿರಬೇಕು, ಅದು ಸಂಬಳದ ವೇಳೆಯೊಳಗೇ ಬರಬೇಕು ಎಂದು ಅಲ್ಲಿ ಕಟ್ಟುಮಾಡಿದರು. 2022ರಲ್ಲಿ ಅದನ್ನು ಸಡಿಲಿಸಿ ವಾರಕ್ಕೆ ಸರಾಸರಿ ಕನಿಷ್ಠ 6 ಗಂಟೆ ಎಂದರು. ಲೆಕ್ಕ ಬದಲಾದರೂ ಓದುವ ಹೊತ್ತು ಯಜಮಾನ ಪ್ರೀತಿಯಿಂದ ಕೊಡುವ ರಜೆಯಲ್ಲ ಎಂಬುದು ಬದಲಾಗಲಿಲ್ಲ.

ಇಂಗ್ಲೆಂಡಿನಲ್ಲಿ ಎಲ್ಲ ಸರಿಯಿದೆಯೆಂದಲ್ಲ. ಎಲ್ಲ ಬಗೆಯ ಅಪ್ರೆಂಟಿಸ್‌ಶಿಪ್‌ಗಳನ್ನು ಕೂಡಿಸಿ ನೋಡಿದರೆ ಇತ್ತೀಚಿನ ವರ್ಷಗಳಲ್ಲಿ ಹತ್ತರಲ್ಲಿ ಸುಮಾರು ನಾಲ್ಕು ಮಂದಿ ಮುಗಿಸದೆ ಹೋಗಿದ್ದಾರೆ. ಒಂದು ದಿನದ ಪಾಠವನ್ನು ಅರಗಿಸಿಕೊಳ್ಳಲು ಆ ದಿನ ಸಾಲುವುದಿಲ್ಲ. ಸ್ಟ್ರಕ್ಚರಲ್ ಅನಾಲಿಸಿಸ್‌ನ ಲೆಕ್ಕಗಳು ಕೊನೆಗೆ ರಾತ್ರಿಗೇ ಉಳಿಯುತ್ತವೆ. ಹಾಗಾದರೆ ನಿಯಮ ಇದ್ದೂ ಏನು ಬಂತು ಎಂದು ಕೇಳಬಹುದು. ನನಗೆ ತೋರುವುದು ಇಷ್ಟು: ಮೀಸಲು ದಿನವಿದ್ದ ಕಡೆಯೇ ಇಷ್ಟು ಜನ ನಡುವೆ ಬಿಟ್ಟು ಹೋಗುವುದಾದರೆ, ಅದೂ ಇಲ್ಲದ ಕಡೆ ಉಳಿಯುವವರು ಮನೆಯಲ್ಲಿ ಅನುಕೂಲ ಇದ್ದವರು ಮಾತ್ರ.

ನಮ್ಮಲ್ಲಿ ಆ ದಿನ ಇಲ್ಲವೇ? ಇದೆ, ಆದರೆ ಬೇಕಾದವರಿಗೆ ಇಲ್ಲ. 1961ರ ಅಪ್ರೆಂಟಿಸ್‌ಗಳ ಕಾಯ್ದೆಯ 10ನೇ ಸೆಕ್ಷನ್ನು ಫಿಟ್ಟರ್, ವೆಲ್ಡರ್‌ನಂಥ ಕಸುಬು ಕಲಿಯುವವರಿಗೆ ಅದಕ್ಕೆ ಸಂಬಂಧಿಸಿದ ಪಾಠವನ್ನೂ ಕೊಡಬೇಕೆನ್ನುತ್ತದೆ, ಆ ಪಾಠದಲ್ಲಿ ಕಳೆದ ಹೊತ್ತನ್ನು ಸಂಬಳದ ಕೆಲಸದ ಹೊತ್ತೆಂದೇ ಎಣಿಸಬೇಕೆನ್ನುತ್ತದೆ. ಇಂಗ್ಲೆಂಡಿನ ಡಿಗ್ರಿ ಅಪ್ರೆಂಟಿಸ್‌ಶಿಪ್ ಹುಟ್ಟುವುದಕ್ಕೆ ಅರ್ಧ ಶತಮಾನಕ್ಕೂ ಮೊದಲೇ ಬರೆದ ಮಾತಿದು. ಎಂಜಿನಿಯರಿಂಗ್ ಪದವೀಧರರು, ಡಿಪ್ಲೊಮಾದವರು ಈ ಕಾಯ್ದೆಯೊಳಗೆ ಬಂದದ್ದು 1973ರ ತಿದ್ದುಪಡಿಯಿಂದ. ಅವರು ಓದು ಮುಗಿಸಿಯೇ ತರಬೇತಿಗೆ ಬರುವವರು, ಹಾಗಾಗಿ ಅವರಿಗೆ ಕ್ಲಾಸಿನ ಪ್ರಶ್ನೆಯೇ ಏಳಲಿಲ್ಲ. ಈಗ ಲೆಕ್ಕ ಬದಲಾಗಿದೆ. 2020ರ ಕೇಂದ್ರ ಬಜೆಟ್ಟು 150 ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಅಪ್ರೆಂಟಿಸ್‌ಶಿಪ್ ಒಳಗೊಂಡ ಪದವಿ, ಡಿಪ್ಲೊಮಾ ಆರಂಭಿಸುವ ಮಾತಾಡಿತು. ಯುಜಿಸಿ ಅದಕ್ಕೆ ಮಾರ್ಗಸೂಚಿ ಹೊರಡಿಸಿತು. ರಾಜ್ಯದ ಕೆಲವು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೂ ಇಂಥ ಪದವಿ ಬಂದಿದೆ. ಓದು, ದುಡಿಮೆ ಎರಡೂ ಒಟ್ಟಿಗೆ ನಡೆಯುವ ಈ ಹೊಸ ಬಗೆಗೆ ವೆಲ್ಡರ್‌ಗೆ ಕೊಟ್ಟ ರಕ್ಷಣೆಯೇ ಅಷ್ಟೇ ಸ್ಪಷ್ಟವಾಗಿ ಬೇಕು. ವೆಲ್ಡಿಂಗ್ ಕಲಿಯುವವನಿಗೆ ಪಾಠ ಕೇಳಲು ಸಂಬಳದ ಹೊತ್ತು ಬೇಕು, ಸೇತುವೆಯ ಲೆಕ್ಕ ಕಲಿಯುವವಳಿಗೆ ಬೇಡ ಎನ್ನಲು ಯಾವ ತರ್ಕವಿದೆ?

ಇದಕ್ಕೆ ಮೊದಲು ಬರುವ ಆಕ್ಷೇಪ ಹಿರಿಯರದ್ದು. ಬೆಂಗಳೂರಿನಲ್ಲಿ ಡಿಪ್ಲೊಮಾ ಮುಗಿಸಿ, ಹಗಲು ದುಡಿದು, ಸಂಜೆ ಬಿ.ಇ. ಓದಿ ದೊಡ್ಡ ಹುದ್ದೆಗೇರಿದವರು ಬಹಳ ಮಂದಿ ಇದ್ದಾರೆ. ಬೀದಿದೀಪದ ಕೆಳಗೆ ಕೂತು ಓದಿದ ವಿಶ್ವೇಶ್ವರಯ್ಯನವರ ಕತೆಯಂತೂ ನಮ್ಮ ಪ್ರತಿ ಶಾಲೆಯ ಗೋಡೆಯೊಳಗೆ ಸೇರಿಹೋಗಿದೆ. ಕಷ್ಟಪಟ್ಟವರೇ ಗಟ್ಟಿಯಾಗುತ್ತಾರೆ ಎಂಬ ಈ ನಂಬಿಕೆಯನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಆದರೆ ಸಂಜೆ ಕಾಲೇಜಿನಲ್ಲಿ ಓದಿ ಗೆದ್ದವರಲ್ಲಿ ಹಲವರು ಐದೂವರೆಗೆ ಬಾಗಿಲು ಹಾಕುವ ಕಚೇರಿಗಳ ನೌಕರರಾಗಿದ್ದರು ಎಂಬುದನ್ನು ಮರೆಯಬಾರದು. ಸೈಟಿಗೆ ಬಾಗಿಲೇ ಇಲ್ಲ. ಇನ್ನು, ಗೆದ್ದವರು ನಮಗೆ ಕಾಣುತ್ತಾರೆ; ನಾಲ್ಕನೇ ಸೆಮಿಸ್ಟರಿಗೆ ಕೈಬಿಟ್ಟವರ ಸನ್ಮಾನ ಸಮಾರಂಭ ಯಾರೂ ಮಾಡುವುದಿಲ್ಲ. ಮೇಲಾಗಿ ನಿದ್ದೆಗೆಟ್ಟವರು ಹಿಂದೆ ಬೀಳುವುದು ಪರೀಕ್ಷೆಯಲ್ಲಿ ಮಾತ್ರವಲ್ಲ. ಲೆವೆಲ್ ತೆಗೆಯುವಾಗ ಅಳತೆಕೋಲಿನ ಅಂಕಿ ತಪ್ಪಾಗಿ ಓದಿದರೆ ಇಡೀ ತಳಪಾಯ ತಪ್ಪುತ್ತದೆ, ಸಾರುವೆ ಹತ್ತುವಾಗ ಕಣ್ಣು ಮಂಜಾದರೆ ಆಗುವುದನ್ನು ಹೇಳಬೇಕಾಗಿಲ್ಲ.

ಎರಡನೆಯ ಆಕ್ಷೇಪ ಗುತ್ತಿಗೆದಾರರದ್ದು, ಅದರಲ್ಲಿ ಸತ್ವವಿದೆ. ಬಿಲ್ಲು ತಿಂಗಳುಗಟ್ಟಲೆ ಬಾಕಿ, ಕಂಬಿ ಸಿಮೆಂಟಿನ ದರ ಏರುಪೇರು, ಇದರ ಮಧ್ಯೆ ವಾರಕ್ಕೊಂದು ದಿನ ಸೈಟಿಗೆ ಬಾರದವನಿಗೂ ದುಡ್ಡು ಕೊಡಬೇಕೇ? ಎಷ್ಟು ದುಡ್ಡು ಎಂದು ನೋಡೋಣ. 2019ರ ನಿಯಮದ ಪ್ರಕಾರ ಪದವೀಧರ ಅಪ್ರೆಂಟಿಸ್‌ನ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 9,000 ರೂಪಾಯಿ. ಇದನ್ನು 12,300ಕ್ಕೆ ಏರಿಸಲು 2025ರಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಶಿಫಾರಸು ಮಾಡಿತು. ಪದವೀಧರರಿಗಿರುವ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯಲ್ಲಿ ಕನಿಷ್ಠ ಮೊತ್ತದ ಅರ್ಧವನ್ನು ಕೇಂದ್ರವೇ ತುಂಬಿಕೊಡುತ್ತದೆ. 9,000ದ ಲೆಕ್ಕದಲ್ಲೇ ಹೋದರೆ, ಆರು ದಿನದಲ್ಲಿ ಒಂದು ದಿನ ಕ್ಲಾಸಿಗೆ ಬಿಟ್ಟಾಗ ಮಾಲೀಕನ ಪಾಲಿನಿಂದ ಹೋಗುವುದು ತಿಂಗಳಿಗೆ 750 ರೂಪಾಯಿ. ಒಂದು ಸ್ಲ್ಯಾಬಿನಲ್ಲಿ ಚೆಲ್ಲಿ ಹಾಳಾಗುವ ಕಾಂಕ್ರೀಟಿನ ಬೆಲೆ ಇದಕ್ಕಿಂತ ಹೆಚ್ಚಿದ್ದೀತು. ಗುತ್ತಿಗೆದಾರರಿಗೆ ನಿಜವಾಗಿ ಕಷ್ಟವಾಗುವುದು ದುಡ್ಡಿನದ್ದಲ್ಲ, ಆ ದಿನ ಕೆಲಸಕ್ಕೆ ಆಳು ಇಲ್ಲದ್ದು. ಹಾಗಾದರೆ ಅಪ್ರೆಂಟಿಸ್ ಅವರ ಲೆಕ್ಕದಲ್ಲಿ ಆಳೇ. ಕಾಯ್ದೆಯ 18ನೇ ಸೆಕ್ಷನ್ನು ಹೇಳುವುದು ಬೇರೆ: ಅಪ್ರೆಂಟಿಸ್ ಕಲಿಯುವವನು, ಕೆಲಸಗಾರನಲ್ಲ. ಪಿ.ಎಫ್. ಕೊಡದಿರುವಾಗ ಈ ಸೆಕ್ಷನ್ನು ಎಲ್ಲರಿಗೂ ನೆನಪಿರುತ್ತದೆ.

ಆದರೂ ಸೈಟಿನ ಲಯಕ್ಕೆ ವಾರಕ್ಕೊಂದು ದಿನ ಎಂಬ ಇಂಗ್ಲೆಂಡಿನ ಅಚ್ಚು ಎಲ್ಲ ಕಡೆ ಕೂರುವುದಿಲ್ಲ ಎಂಬುದನ್ನು ಒಪ್ಪಬೇಕು. ಸಕಲೇಶಪುರದ ಘಟ್ಟದಲ್ಲಿ ಎತ್ತಿನಹೊಳೆ ನೀರಿನ ಯೋಜನೆಯ ಪೈಪು, ಕಾಲುವೆಗಳ ನಡುವೆ ಇರುವವರು ವಾರವಾರ ಹಾಸನಕ್ಕೋ ಬೆಂಗಳೂರಿಗೋ ಬಂದು ಪಾಠ ಕೇಳುವುದು ಆಗದ ಮಾತು; ರಾತ್ರಿ ಆನ್‌ಲೈನ್ ಕ್ಲಾಸ್ ಎಂದರೆ ಮೊದಲು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಬೇಕು. ಅಂಥ ಕಡೆ ಕ್ಲಾಸನ್ನು ಒಟ್ಟುಗೂಡಿಸಿ ಇಡುವುದೇ ಸರಿ. ಅದಕ್ಕೆ ಕಾಲವೂ ಸಿದ್ಧವಾಗಿಯೇ ಇದೆ. ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮಣ್ಣಿನ ಕೆಲಸ, ಡಾಂಬರಿನ ಕೆಲಸ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಯಂತ್ರಗಳು ತಾಡಪಾಲು ಹೊದ್ದು ಮಲಗುತ್ತವೆ. ಆಗ ಎಂಟು ಹತ್ತು ವಾರ ಪೂರ್ತಿ ಕಾಲೇಜು, ಬಿಸಿಲು ಬಿದ್ದ ಮೇಲೆ ಪೂರ್ತಿ ಸೈಟು. ವಿಶ್ವವಿದ್ಯಾಲಯದ ಕ್ಯಾಲೆಂಡರು ಮಳೆಯ ಮಾತು ಕೇಳಬೇಕಾಗುತ್ತದೆ, ಅದೇನು ಅವಮಾನವಲ್ಲ. ಪದವಿಯ ಗುಣಮಟ್ಟ ಇದರಿಂದ ಇಳಿಯುತ್ತದೆ ಎನ್ನುವ ಪ್ರಾಧ್ಯಾಪಕರಿಗೆ ನನ್ನ ಉತ್ತರ ಚಿಕ್ಕದು: ನಾಲ್ಕು ವರ್ಷ ಕಾಂಕ್ರೀಟ್ ಓದಿ, ಪ್ರಯೋಗಾಲಯದ ಹೊರಗೆ ಒಂದು ಕ್ಯೂಬನ್ನೂ ತುಂಬದೆ ಪದವಿ ಪಡೆಯುವುದು ಈಗಲೂ ಸಾಧ್ಯವಿದೆಯಲ್ಲ.

ಇದನ್ನೆಲ್ಲ ಜಾರಿಗೆ ತರಲು ಹೊಸ ಇಲಾಖೆ ಬೇಡ. ರಾಜ್ಯದ ರಸ್ತೆ, ಸೇತುವೆ, ನೀರಾವರಿ ಕಾಮಗಾರಿಗಳ ದೊಡ್ಡ ಗಿರಾಕಿ ಸರ್ಕಾರವೇ. ಸೈಟಿನಲ್ಲಿ ಅರ್ಹ ಎಂಜಿನಿಯರ್ ಇರಬೇಕು, ಪರೀಕ್ಷೆಯ ಸಲಕರಣೆ ಇರಬೇಕು ಎಂದು ಟೆಂಡರಿನಲ್ಲಿ ಬರೆಯುವವರು ಇನ್ನೂ ಎರಡು ಸಾಲು ಬರೆಯಬಹುದು: ಇಷ್ಟು ಕೋಟಿಯ ಕಾಮಗಾರಿಗೆ ಇಷ್ಟು ಪದವಿ ಅಪ್ರೆಂಟಿಸ್‌ಗಳು, ಅವರ ಓದಿನ ದಿನಗಳು ಇಂತಿಷ್ಟು. ಬಿಲ್ಲಿನ ಜೊತೆ ಕ್ಯೂಬ್ ಪರೀಕ್ಷೆಯ ವರದಿ ಕೇಳುವ ಎಂಜಿನಿಯರು ಸೈಟಿನ ಹಾಜರಿ ಪುಸ್ತಕವನ್ನೂ ತರಿಸಿಕೊಳ್ಳಲಿ. ಕ್ಲಾಸಿಗೆ ಹೋದ ದಿನದ ಮುಂದೆ ‘ಗೈರು’ ಎಂದು ಬರೆದಿದ್ದರೆ ಆ ಬಿಲ್ಲನ್ನು ವಾಪಸು ಕಳಿಸಲಿ.