ಲಿಂಕನ್ ತಾಯಿಯ ತವರು

1859ರ ಡಿಸೆಂಬರಿನಲ್ಲಿ, ಅಧ್ಯಕ್ಷ ಪದವಿಗೆ ಹೆಸರು ಕೇಳಿಬರುತ್ತಿದ್ದಾಗ, ಅಬ್ರಹಾಂ ಲಿಂಕನ್ ಗೆಳೆಯನೊಬ್ಬನ ಒತ್ತಾಯಕ್ಕೆ ತನ್ನ ಪರಿಚಯವನ್ನು ಬರೆದುಕೊಟ್ಟ. ಅಪ್ಪನ ಕಡೆಯ ಅಜ್ಜ ಎಲ್ಲಿಂದ ಬಂದ, ಹೇಗೆ ಸತ್ತ ಎಂಬುದೆಲ್ಲ ಅದರಲ್ಲಿದೆ. ತಾಯಿಯ ಬಗ್ಗೆ ಇರುವುದು ಆಕೆ ಹ್ಯಾಂಕ್ಸ್ ಮನೆತನದವಳು, ಮಗನ ಹತ್ತನೆಯ ವರ್ಷದಲ್ಲಿ ತೀರಿಕೊಂಡಳು ಎಂಬಷ್ಟೇ. ಆಕೆಯ ಹೆಸರನ್ನು ಕೂಡ ಅವನು ಬರೆಯಲಿಲ್ಲ.

ಹೆಸರು ನ್ಯಾನ್ಸಿ. ಆ ಕಾಲದ ಹಳ್ಳಿಗಾಡಿನ ಹೆಂಗಸಿನ ಜಾಡು ಹಿಡಿಯುವುದು ಸುಲಭವಲ್ಲ. ಅಮೆರಿಕದ ಜನಗಣತಿ 1840ರವರೆಗೆ ಮನೆಯ ಯಜಮಾನನ ಹೆಸರನ್ನಷ್ಟೇ ಬರೆದುಕೊಂಡು, ಉಳಿದವರನ್ನು ಬರೀ ತಲೆ ಎಣಿಸಿ ಬಿಡುತ್ತಿತ್ತು. ನ್ಯಾನ್ಸಿ ಸತ್ತದ್ದು 1818ರಲ್ಲಿ. ಕೆಂಟಕಿಯಲ್ಲಿ ಜಮೀನು ಮಾರಿದಾಗ ಗಂಡನ ಜೊತೆ ಅವಳೂ ಪತ್ರಕ್ಕೆ ಒಪ್ಪಿಗೆ ಕೊಟ್ಟಳು. ನಮ್ಮಲ್ಲಿ ಹೆಬ್ಬೆಟ್ಟು ಒತ್ತುವ ಹಾಗೆ ಅಲ್ಲಿ ಒಂದು ಗೀಟು ಎಳೆದಳು. 1806ರ ಜೂನಿನಲ್ಲಿ ನಡೆದ ಮದುವೆಯ ದಾಖಲೆಯನ್ನು ಜನ ಹಾರ್ಡಿನ್ ಕೌಂಟಿಯಲ್ಲಿ ಹುಡುಕಿ ಸೋತಿದ್ದರು. ಅದು ವಾಷಿಂಗ್ಟನ್ ಕೌಂಟಿಯ ಕಚೇರಿಯಲ್ಲಿ 1878ರಲ್ಲಿ ಸಿಕ್ಕಿತು. ಮಗ ಗುಂಡಿಗೆ ಬಲಿಯಾಗಿ ಅಷ್ಟೊತ್ತಿಗೆ 13 ವರ್ಷ.

ಆದರೆ ಕಾಗದದ ಕೊರತೆಗಿಂತ ಮರ್ಯಾದೆಯ ಚಿಂತೆಯೇ ಈ ಹುಡುಕಾಟವನ್ನು ಹೆಚ್ಚು ಕೆಡಿಸಿತು ಎಂದು ನನಗನಿಸುತ್ತದೆ. ಲಿಂಕನ್ನನ ಜೊತೆ ವಕೀಲಿಕೆ ಮಾಡಿದ ವಿಲಿಯಂ ಹರ್ನ್‌ಡನ್ 1889ರ ಪುಸ್ತಕದಲ್ಲಿ ಒಂದು ಪ್ರಸಂಗ ಹೇಳಿದ. ಸುಮಾರು 1850ರಲ್ಲಿ ಇಬ್ಬರೂ ಕುದುರೆಗಾಡಿಯಲ್ಲಿ ಕೋರ್ಟಿಗೆ ಹೊರಟಿದ್ದಾಗ, ತನ್ನ ತಾಯಿ ಲೂಸಿ ಹ್ಯಾಂಕ್ಸ್ ಎಂಬವಳಿಗೂ ವರ್ಜೀನಿಯಾದ ಒಬ್ಬ ಜಮೀನ್ದಾರನಿಗೂ ಮದುವೆಯಿಲ್ಲದೆ ಹುಟ್ಟಿದವಳು ಎಂದು ಲಿಂಕನ್ ಹೇಳಿದನಂತೆ. ರಾಷ್ಟ್ರದೇವತೆಯಾಗಿಬಿಟ್ಟವನ ತಾಯಿಯ ಬಗ್ಗೆ ಇದನ್ನು ಹೇಗೆ ಒಪ್ಪುವುದು? ಬಂಧು ಡೆನಿಸ್ ಹ್ಯಾಂಕ್ಸ್ ಅವಳು ಹ್ಯಾಂಕ್ಸ್ ಅಲ್ಲವೇ ಅಲ್ಲ, ಸ್ಪ್ಯಾರೊ ಮನೆತನದವಳು ಎಂದು ವಾದಿಸಿದ್ದ. (ಡೆನಿಸನೇ ಇನ್ನೊಬ್ಬ ನ್ಯಾನ್ಸಿ ಹ್ಯಾಂಕ್ಸಳಿಗೆ ಮದುವೆಯಿಲ್ಲದೆ ಹುಟ್ಟಿದವನು, ಅವನ ಸಂಕಟ ಅವನಿಗೆ.) 1899ರಲ್ಲಿ ಕ್ಯಾರೊಲೈನ್ ಹ್ಯಾಂಕ್ಸ್ ಹಿಚ್‌ಕಾಕ್ ಎಂಬ ಲೇಖಕಿ ಜೋಸೆಫ್ ಹ್ಯಾಂಕ್ಸ್ ಎಂಬವನ ಉಯಿಲಿನಲ್ಲಿ ನ್ಯಾನ್ಸಿ ಎಂಬ ಮಗಳ ಹೆಸರು ಕಂಡು, ಇವಳೇ ಅವಳು ಎಂದು ಸಾರಿದಳು. ಒಂದೇ ಮನೆತನದಲ್ಲಿ ಹಲವು ನ್ಯಾನ್ಸಿಯರಿದ್ದರೆಂಬುದು ಅವಳಿಗೆ ಅಡ್ಡಿಯಾಗಲಿಲ್ಲ. ಆಮೇಲೆ ಬಂದವರು ಲೂಸಿಯನ್ನು ಶಿಪ್ಲಿ ಮನೆತನದ ಹೆಣ್ಣು, ಹ್ಯಾಂಕ್ಸ್ ಒಬ್ಬನ ವಿಧವೆ ಎಂದು ಮಾಡಿ, ಇಲ್ಲದ ಮದುವೆಯೊಂದನ್ನು ವಂಶವೃಕ್ಷಕ್ಕೆ ಕಸಿಕಟ್ಟಿದರು.

ಈ ಲೂಸಿಯ ಬಗ್ಗೆ ಕೋರ್ಟಿನ ಕಡತದಲ್ಲೇ ದಾಖಲೆಯಿದೆ. 1789ರಲ್ಲಿ ಕೆಂಟಕಿಯ ಮರ್ಸರ್ ಕೌಂಟಿಯ ಗ್ರ್ಯಾಂಡ್ ಜ್ಯೂರಿ ಅವಳ ಮೇಲೆ ನಡತೆಯ ಆರೋಪ ಹೊರಿಸಿತು. ಮರುವರ್ಷ ಹೆನ್ರಿ ಸ್ಪ್ಯಾರೊ ಅವಳನ್ನು ಮದುವೆಯಾಗಲು ಮುಂದೆ ಬಂದಾಗ, ತಾನು ವಯಸ್ಕಳು, ತನ್ನ ಒಪ್ಪಿಗೆಯಿದೆ ಎಂದು ಅವಳು ಚೀಟಿ ಬರೆದುಕೊಟ್ಟಳು. ಕಾಗುಣಿತ ತಪ್ಪಾದರೂ ದನಿ ಗಟ್ಟಿ. ಇಡೀ ಹ್ಯಾಂಕ್ಸ್ ಕಥೆಯಲ್ಲಿ ನನಗೆ ಮೆಚ್ಚುಗೆಯಾದ ಕಾಗದ ಇದೊಂದೇ.

ತಾಯಿಯಿಂದ ಮಗಳಿಗೆ ಇಳಿಯುವ ಮೈಟೊಕಾಂಡ್ರಿಯದ ಡಿಎನ್ಎ ಪರೀಕ್ಷೆಯ ಫಲಿತಾಂಶ 2015ರಲ್ಲಿ ಬಂತು. ಲೂಸಿಯ ಹೆಣ್ಣು ಸಂತತಿಯೂ ಜೋಸೆಫ್ ಹ್ಯಾಂಕ್ಸ್‌ನ ಹೆಂಡತಿಯ ಹೆಣ್ಣು ಸಂತತಿಯೂ ಒಂದೇ ಬಗೆಯವು, ಅದೂ ತೀರ ಅಪರೂಪದ ಬಗೆ. ಅಂದರೆ ಲೂಸಿ ಆ ದಂಪತಿಯ ಮಗಳು; ಶಿಪ್ಲಿ ಕಥೆ ಅಲ್ಲಿಗೆ ಬಿದ್ದುಹೋಯಿತು. ಆದರೆ ಖುದ್ದು ನ್ಯಾನ್ಸಿಯ ಕಡೆಯಿಂದ ಪರೀಕ್ಷೆಗೆ ಒಳಪಡಲು ಯಾರೂ ಉಳಿದಿರಲಿಲ್ಲ. ಅವಳ ಒಬ್ಬಳೇ ಮಗಳು ಸಾರಾ 1828ರಲ್ಲಿ ಹೆರಿಗೆಯಲ್ಲಿ ತೀರಿಕೊಂಡಳು, ಕೂಸೂ ಉಳಿಯಲಿಲ್ಲ. ಹೀಗಾಗಿ ಲೂಸಿ ಯಾರ ಮಗಳೆಂಬುದನ್ನು ಪ್ರಯೋಗಾಲಯ ಹೇಳಿತು. ನ್ಯಾನ್ಸಿ ಲೂಸಿಯ ಮಗಳೆಂಬ ಕೊನೆಯ ಕೊಂಡಿ ಮಾತ್ರ ಇಂದಿಗೂ, ಬಹುಮಟ್ಟಿಗೆ, ಆ ಕುದುರೆಗಾಡಿಯಲ್ಲಿ ಆಡಿದ ಮಾತನ್ನೇ ನಂಬಿಕೊಂಡಿದೆ.