ಬಿಲ್ಲಿಂಗ್ ತಂತ್ರಾಂಶದ ಒಳದಾಸ್ತಾನು: ವರ್ತಕರು ಕೇಳದ ಪ್ರಶ್ನೆ

ಪಾಂಡವಪುರ ತಾಲ್ಲೂಕಿನ ಚಿನಕುರಳಿ ಹೋಬಳಿಯಂತಹ ಕಬ್ಬಿನ ಸೀಮೆಯಲ್ಲಿಯೂ ಬೆಲ್ಲದ ವರ್ತಕರಿಗೆ, ಸಿಮೆಂಟು, ಗೊಬ್ಬರ ಮಾರುವವರಿಗೆ ಬಿಲ್ಲಿಂಗ್ ತಂತ್ರಾಂಶವು ತಕ್ಕಡಿಯಷ್ಟೇ ಅಗತ್ಯವಾಗಿದೆ. ಆದರೆ ಅದನ್ನು ಕೊಳ್ಳುವಾಗ ಬೆಲೆ ಮತ್ತು ಪರದೆಯ ಅಂದ, ಇವೆರಡನ್ನೇ ವಿಚಾರಿಸುವುದು ವಾಡಿಕೆ. ಒಳಗಿನ ದಾಸ್ತಾನು ಹೇಗಿದೆಯೆಂದು ಕೇಳುವವರು ವಿರಳ.

ತೆರಿಗೆ ದರ, ಗ್ರಾಹಕರ ಜಿಎಸ್‌ಟಿ ಸಂಖ್ಯೆ, ಸರಕಿನ ಬೆಲೆ ಇವುಗಳನ್ನು ಪ್ರತಿ ಬಿಲ್ಲಿಗೂ ದೂರದ ಸರ್ವರ್‌ನಿಂದ ತರಿಸಿದರೆ ಗಿರಾಕಿ ಕಾಯಬೇಕಾಗುತ್ತದೆ. ಆದಕಾರಣ ತಂತ್ರಾಂಶವು ಅವುಗಳ ಒಂದು ಪ್ರತಿಯನ್ನು ಹತ್ತಿರದಲ್ಲಿಯೇ ಇರಿಸಿಕೊಳ್ಳುತ್ತದೆ. ಇದಕ್ಕೆ ಕ್ಯಾಶ್ ಎಂದು ಹೆಸರು. ಗಲ್ಲಾಪೆಟ್ಟಿಗೆಯ ನಗದಿಗೂ ಇದಕ್ಕೂ ಸಂಬಂಧವಿಲ್ಲ. ಗೋದಾಮಿನ ಮೂಟೆಯಿಂದ ಡಬ್ಬಕ್ಕೆ ತುಂಬಿ ಕೈಗೆಟುಕುವಲ್ಲಿ ಇಟ್ಟ ಸಕ್ಕರೆಯಂತೆ ಇದು. ಡಬ್ಬದ ಸಕ್ಕರೆ ಹಳತಾದರೆ ಕಣ್ಣಿಗೆ ಕಾಣುತ್ತದೆ, ಕ್ಯಾಶ್‌ನ ದರ ಹಳತಾದರೆ ಕಾಣುವುದಿಲ್ಲ.

2022ರ ಜುಲೈ 18ರಂದು, ಮುಂಚಿತವಾಗಿ ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದ ಬೆಲ್ಲಕ್ಕೆ ಶೇ. 5ರ ಜಿಎಸ್‌ಟಿ ಬಂದಿತು. 2025ರ ಸೆಪ್ಟೆಂಬರ್ 22ರಂದು ಸಿಮೆಂಟಿನ ದರವು ಶೇ. 28ರಿಂದ 18ಕ್ಕೆ ಇಳಿಯಿತು. ಹಿಂದಿನ ದಿನದ ಪ್ರತಿಯನ್ನೇ ನಂಬಿದ ತಂತ್ರಾಂಶವು ಇಂತಹ ಬೆಳಿಗ್ಗೆ ತಪ್ಪು ಬಿಲ್ಲನ್ನೇ ಕೊಡುತ್ತದೆ. ಹೆಚ್ಚಾಗಿ ವಸೂಲಾದ ತೆರಿಗೆಯನ್ನು ವರ್ತಕನು ತನ್ನಲ್ಲಿ ಇರಿಸಿಕೊಳ್ಳುವಂತಿಲ್ಲ, ಗಿರಾಕಿಯ ದೂರೂ ತಪ್ಪದು.

ದೋಷವಿರುವುದು ಕ್ಯಾಶ್‌ನಲ್ಲಲ್ಲ, ಅದನ್ನು ಜೋಡಿಸಿದ ರೀತಿಯಲ್ಲಿ. ಬಿಲ್ಲು, ದಾಸ್ತಾನು, ಸಾಲದ ಲೆಕ್ಕ ಹೀಗೆ ಪ್ರತಿಯೊಂದು ವಿಭಾಗವೂ ಉಗ್ರಾಣದೊಳಕ್ಕೆ ನೇರವಾಗಿ ಕೈಹಾಕುವಂತೆ ಬರೆದಿದ್ದರೆ, ಒಂದು ದರವನ್ನು ಅಳಿಸಲು ಹತ್ತು ಕಡೆ ಹುಡುಕಬೇಕು. ಉಗ್ರಾಣಕ್ಕೆ ಒಂದೇ ಬಾಗಿಲಿರಬೇಕು. ಇಡುವುದು, ತೆಗೆಯುವುದು, ಅಳಿಸುವುದು ಆ ಬಾಗಿಲಿನಿಂದಲೇ ನಡೆಯಬೇಕು. ಇಟ್ಟ ಪ್ರತಿಯೊಂದಕ್ಕೂ ಅವಧಿ ಇರಬೇಕು. ಇ-ವೇ ಬಿಲ್ಲಿಗೆ ಸಾಮಾನ್ಯ ಸರಕಿನಲ್ಲಿ 200 ಕಿ.ಮೀ.ಗೆ ಒಂದು ದಿನವೆಂಬ ಅವಧಿ ಇರುವುದನ್ನು ಬಲ್ಲ ವರ್ತಕರಿಗೆ ಇದು ಹೊಸದೇನಲ್ಲ. ತೆರಿಗೆ ದರಗಳೆಲ್ಲವನ್ನೂ ಒಂದೇ ಆಜ್ಞೆಯಿಂದ ತೆರವು ಮಾಡುವ ಸೌಕರ್ಯವೂ ಅವಶ್ಯ.

ಬಾಗಿಲು ಒಂದೇ ಆಗಿದ್ದರೆ ಉಗ್ರಾಣವನ್ನೇ ಬದಲಿಸಬಹುದು. 2009ರಲ್ಲಿ ಹೊರಬಂದು ಜಗತ್ತಿನಾದ್ಯಂತ ಬಳಕೆಗೆ ಬಂದ ರೆಡಿಸ್ ಎಂಬ ಕ್ಯಾಶ್ ತಂತ್ರಾಂಶದ ಪರವಾನಗಿ ಷರತ್ತುಗಳು 2024ರ ಮಾರ್ಚ್‌ನಲ್ಲಿ ಬದಲಾದವು. ಅದೇ ತಿಂಗಳು ಲಿನಕ್ಸ್ ಫೌಂಡೇಶನ್ ಆಶ್ರಯದಲ್ಲಿ ವಾಲ್ಕಿ ಎಂಬ ಕವಲು ಹುಟ್ಟಿತು. ಅದು ಹಳೆಯ ಆಜ್ಞೆಗಳನ್ನೇ ಉಳಿಸಿಕೊಂಡಿದ್ದರಿಂದ ಬದಲಾಯಿಸಿಕೊಳ್ಳುವುದು ಸುಲಭವಾಯಿತು.

ಒಂದೇ ಗಣಕಯಂತ್ರವುಳ್ಳ ಸಣ್ಣ ಅಂಗಡಿಗೆ ಇಷ್ಟೆಲ್ಲ ಏಕೆ, ವೆಚ್ಚ ಹೆಚ್ಚುತ್ತದೆ ಎಂಬ ತಂತ್ರಾಂಶ ತಯಾರಕರ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಅದೇ ವರ್ತಕ ಶ್ರೀರಂಗಪಟ್ಟಣದಲ್ಲಿ ಎರಡನೆಯ ಅಂಗಡಿ ತೆರೆದ ದಿನ ಎರಡು ಪ್ರತಿಗಳು ಎರಡು ಬೆಲೆ ಹೇಳತೊಡಗುತ್ತವೆ. ಆಗ ಮಾಡಿಸುವ ದುರಸ್ತಿ ಮೊದಲಿನ ಉಳಿತಾಯವನ್ನು ನುಂಗುತ್ತದೆ. ಆದ್ದರಿಂದ ಖರೀದಿ ಕರಾರಿನಲ್ಲಿಯೇ ಎರಡು ಷರತ್ತು ಬರೆಸಿಕೊಳ್ಳುವುದು ಲೇಸು: ದರ ಬದಲಾದ ದಿನ ಹಳೆಯ ಪ್ರತಿಯನ್ನು ವರ್ತಕನೇ ಅಳಿಸಲು ಸಾಧ್ಯವಾಗಬೇಕು, ಮಾರಾಟದ ಮೂಲ ಲೆಕ್ಕವನ್ನು ಕ್ಯಾಶ್‌ನಲ್ಲಿ ಮಾತ್ರ ಇರಿಸಕೂಡದು.