ಪರ್ಸೆಂಟೈಲ್ ಕಡಿಮೆಯಾದ ಮನೆಗಳಿಗೆ ಒಂದು ಮಾತು

ಪ್ರತಿವರ್ಷ ನವೆಂಬರ್ ಕೊನೆಗೆ ಕ್ಯಾಟ್ ಪರೀಕ್ಷೆ; ಸಂಕ್ರಾಂತಿಗೆ ಎಳ್ಳು ಹುರಿಯುವ ಹೊತ್ತಿಗೆ ಅದರ ಫಲಿತಾಂಶ. ಫೈನಾನ್ಸ್ ಓದಬೇಕೆಂಬ ಹುಡುಗ ಹುಡುಗಿಯರು ಕಾಶಿಯ ನಮ್ಮ ಕನ್ನಡ ಮನೆಗಳಲ್ಲಿಯೂ ಇದ್ದಾರೆ. ನೆನೆಸಿದಷ್ಟು ಅಂಕ ಬಾರದಿದ್ದರೆ ಮಕ್ಕಳು ಊಟಕ್ಕೆ ಕುಳಿತಾಗ ಮಾತೇ ಆಡುವುದಿಲ್ಲ; ಊರಿನಿಂದ ಫೋನು ಬಂದರೆ ಹಿರಿಯರು ಮಾತು ಮರೆಸುತ್ತಾರೆ. ಈ ಸಲದ ಅಂಕಣವನ್ನು ಅಂಥ ಮನೆಗಳಿಗೆಂದೇ ಬರೆಯುತ್ತಿದ್ದೇವೆ.

ಮೊದಲು ಅಳತೆಯನ್ನು ತಿಳಿಯೋಣ. ಪರ್ಸೆಂಟೈಲ್ ಎಂದರೆ ನೂರಕ್ಕೆ ಬಂದ ಅಂಕವಲ್ಲ. 85 ಪರ್ಸೆಂಟೈಲ್ ಬಂದವರು ಪರೀಕ್ಷೆಗೆ ಕುಳಿತ ನೂರು ಜನರಲ್ಲಿ ಸುಮಾರು 85 ಮಂದಿಗಿಂತ ಮುಂದಿದ್ದಾರೆ ಎಂದರ್ಥ. ಆದರೆ 2024ರಲ್ಲಿ ಬರೆದವರು ಸುಮಾರು 2.93 ಲಕ್ಷ, ಎಂದರೆ ಅವರ ಮುಂದೆಯೂ 44 ಸಾವಿರದಷ್ಟು ಜನ. ಇದು ಸೀಟಿನ ಇಕ್ಕಟ್ಟೇ ಹೊರತು ಮಕ್ಕಳ ದಡ್ಡತನವಲ್ಲ.

ಬಳಿಕ, ಎಲ್ಲಿ ಎಡವಿತೆಂದು ಅಂಕಪಟ್ಟಿಯನ್ನು ಬಿಡಿಸಿ ನೋಡಬೇಕು. ಇಂಗ್ಲಿಷ್, ದತ್ತಾಂಶ ಮತ್ತು ತರ್ಕ, ಗಣಿತ ಎಂದು ಮೂರು ವಿಭಾಗ; ಒಂದೊಂದಕ್ಕೆ 40 ನಿಮಿಷ. ಸರಿಯುತ್ತರಕ್ಕೆ 3 ಅಂಕ. ಆಯ್ಕೆಯ ಪ್ರಶ್ನೆಯಲ್ಲಿ ತಪ್ಪಿದರೆ 1 ಅಂಕ ಹೋಗುತ್ತದೆ. ಐ.ಐ.ಎಂ.ಗಳು ವಿಭಾಗವಾರು ಕನಿಷ್ಠವನ್ನೂ ಕೇಳುವುದರಿಂದ, ಒಟ್ಟು ಚೆನ್ನಾಗಿದ್ದರೂ ಒಂದೇ ವಿಭಾಗ ಕೈಕೊಡಬಹುದು. ಊಹೆಯಿಂದ ಗುರುತು ಹಾಕಿ ಕಳೆದುಕೊಂಡ ಅಂಕವನ್ನು ಅಭ್ಯಾಸದಿಂದ ಉಳಿಸಿಕೊಳ್ಳಬಹುದು; ಓದಿನ ನಿಧಾನವನ್ನು ತಿದ್ದಲು ತಿಂಗಳುಗಳೇ ಬೇಕು.

ಇನ್ನು ಉಳಿದ ಬಾಗಿಲುಗಳು. ನಾಲ್ವಡಿ ಕೃಷ್ಣರಾಜ ಒಡೆಯರು ಪ್ರಥಮ ಛಾನ್ಸಲರ್ ಆಗಿದ್ದ ಹಿಂದೂ ವಿಶ್ವವಿದ್ಯಾನಿಲಯವು ಮನೆಯ ಹತ್ತಿರವೇ ಇದೆ. ಅಲ್ಲಿನ ಮ್ಯಾನೇಜ್‌ಮೆಂಟ್ ಸಂಸ್ಥೆಯ ಎಂ.ಬಿ.ಎ.ಗೆ ಕ್ಯಾಟ್ ಅಂಕವೇ ಆಧಾರ, ಎಂ.ಕಾಂ.ಗೆ 2022ರಿಂದ ಸಿ.ಯು.ಇ.ಟಿ.-ಪಿ.ಜಿ. ಎಂಬ ಬೇರೆ ಪರೀಕ್ಷೆ. ಕ್ಯಾಟ್ ಫಲಿತಾಂಶದ ದುಃಖದಲ್ಲಿರುವಾಗಲೇ ಇದರ ಅರ್ಜಿಯ ಗಡುವು ಕಳೆದುಹೋಗಬಹುದು. ಡಿಸೆಂಬರಿನಿಂದಲೇ ಪ್ರಕಟಣೆಯ ಮೇಲೆ ಕಣ್ಣಿಡಿ. ವಾಣಿಜ್ಯ ಪದವಿಯಲ್ಲಿ ಶೇಕಡಾ 55 ಬಂದಿದ್ದರೆ ಸಿ.ಎ. ಇಂಟರ್‌ಮೀಡಿಯೆಟ್ಟಿಗೆ ನೇರವಾಗಿ ಹೆಸರು ನೋಂದಾಯಿಸಬಹುದು. ಪರದೇಶದ ಫೈನಾನ್ಸ್ ಶಿಕ್ಷಣಕ್ಕೆ ಹಲವೆಡೆ ಒಪ್ಪುವ ಜಿ.ಆರ್.ಇ. ಪರೀಕ್ಷೆಯನ್ನು 21 ದಿನ ಬಿಟ್ಟು ಮತ್ತೆ ಬರೆಯಬಹುದು. ಅದರ ಅಂಕ 5 ವರ್ಷ ನಡೆಯುತ್ತದೆ.

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಇದು: ಸಿಕ್ಕಿದ ಕಾಲೇಜಿಗೆ ಈಗಲೇ ಸಾಲ ಮಾಡಿ ಸೇರುವುದೋ, ಒಂದು ವರ್ಷ ಕಾಯುವುದೋ? ಕಾಲೇಜಿನವರು ಹೇಳುವ ಅತಿ ದೊಡ್ಡ ಸಂಬಳ ಒಬ್ಬಿಬ್ಬರದು. ಫೈನಾನ್ಸ್ ಓದಿ ಹೊರಬಂದವರ ಸಂಬಳಗಳನ್ನು ಸಾಲಾಗಿ ಇಟ್ಟರೆ ನಟ್ಟನಡುವೆ ನಿಲ್ಲುವುದು ಎಷ್ಟು, ಅದರಲ್ಲಿ ಸಾಲದ ಕಂತು ಕಟ್ಟಿ ಮಿಗುವುದೆಷ್ಟು ಎಂದು ಕೇಳಿ ಬರೆದುಕೊಳ್ಳಿ. ಲೆಕ್ಕ ಕೂಡದಿದ್ದರೆ ಕಾಯುವುದೇ ಲೇಸು. ಆ ವರ್ಷ ಮಕ್ಕಳು ಸುಮ್ಮನೆ ಕೂರದೆ ಒಬ್ಬ ಲೆಕ್ಕ ಪರಿಶೋಧಕರ ಬಳಿಯೋ ಅಂಗಡಿಯ ಲೆಕ್ಕದ ಮೇಜಿನಲ್ಲೋ ಕೆಲಸ ಕಲಿಯಲಿ. ಮುಂದಿನ ಸಂದರ್ಶನದಲ್ಲಿ ಹೇಳಲು ಅವರಿಗೊಂದು ಮಾತಿರುತ್ತದೆ.

ಈ ಲೆಕ್ಕ ಹಾಕುವಾಗ ಮಕ್ಕಳನ್ನೂ ಜೊತೆಯಲ್ಲಿ ಕೂರಿಸಿಕೊಳ್ಳಿ. ಸಾಲ ಯಾರ ಹೆಸರಿನಲ್ಲಿದ್ದರೂ ಆ ಓದನ್ನು ಓದಬೇಕಾದವರು ಅವರೇ.